ಕೆಳಗೆ ನಿಂತವನು

ಜನವರಿ 9

ಈ ನೋಟ್‌ಬುಕ್ ಜಿಮ್ಮಿನ ಮಾಸ್ಟರ್ ಕೊಟ್ಟದ್ದು. "ಎಷ್ಟು ಎತ್ತಿದೆ, ಎಲ್ಲಿ ನೋಯ್ತು, ಎಷ್ಟು ಹೊತ್ತು ಮಲಗಿದೆ, ಅಷ್ಟೇ ಬರಿ. ಪುರಾಣ ಬೇಡ" ಎಂದು ತಾಕೀತು ಮಾಡಿದ್ದಾರೆ. ಪುರಾಣ ಬಿಟ್ಟರೆ ನನಗೆ ಬೇರೇನೂ ಬರೆಯಲು ಬರುವುದಿಲ್ಲ. ಹೇಗೂ ಇದನ್ನು ಓದುವವನು ನಾನೊಬ್ಬನೇ.

ವಯಸ್ಸು ನಲವತ್ತಮೂರು. ತೂಕ ಎಪ್ಪತ್ತೊಂದು ಕಿಲೋ. ಕೆಲಸ, ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುವುದು. ಅಡ್ಡಹೆಸರು ಕಡ್ಡಿ. ಶಾಲೆಯಲ್ಲಿ ಅಂಟಿದ್ದು, ಮದುವೆಯಾದ ಮೇಲೂ ಬಿಡಲಿಲ್ಲ. ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಇವತ್ತಿಗೂ ಮಹಡಿಯ ಮೇಲಿಂದ "ಏ ಕಡ್ಡೀ, ಟೇಪು ತಗೊಂಡು ಬಾರೋ" ಎಂದು ಕೂಗುತ್ತಾರೆ. ಬೀದಿಯಲ್ಲಿ ಹೋಗುವವರು ತಿರುಗಿ ನನ್ನನ್ನು ನೋಡುತ್ತಾರೆ. ನೋಡಿದ ಮೇಲೆ, ಹೆಸರು ಇಟ್ಟವರು ಸುಳ್ಳು ಹೇಳಿಲ್ಲ ಎಂಬಂತೆ ಮುಂದೆ ಹೋಗುತ್ತಾರೆ.

ಕೆಲಸ ಕಲಿಸಿದವರು ಭಾವನೇ. ಕಲಿತ ಮೇಲೆ ಅವರ ತಂಗಿಯನ್ನು ಮದುವೆಯಾದೆ. ಹದಿನೇಳು ವರ್ಷದಿಂದ ನಾವಿಬ್ಬರೂ ಒಂದೇ ಗಾಜಿನ ಎರಡು ತುದಿ ಹಿಡಿದುಕೊಂಡು ನಡೆಯುತ್ತಿದ್ದೇವೆ.

ಆಸೆ ಒಂದೇ. ಮೇ ಹದಿನೇಳಕ್ಕೆ ನಲವತ್ತು ದಾಟಿದವರ ಸ್ಪರ್ಧೆ ಇದೆ. ಅಲ್ಲಿ ಡೆಡ್‌ಲಿಫ್ಟಿನಲ್ಲಿ ಇನ್ನೂರು ಕಿಲೋ ಎತ್ತಬೇಕು. ನೆಲದ ಮೇಲಿರುವ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು, ಅದರಲ್ಲೇನೂ ಗುಟ್ಟಿಲ್ಲ. ಆದರೆ ಆರು ವರ್ಷದಿಂದ ನಾನು ನೂರ ಎಪ್ಪತ್ತರಲ್ಲಿ ಹೂತುಹೋಗಿದ್ದೇನೆ. ಹೋದ ವರ್ಷ ನೂರ ಎಪ್ಪತ್ತೈದು ಮೊಣಕಾಲಿನವರೆಗೆ ಬಂದು ಅಲ್ಲೇ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ "ಕಡ್ಡಿ ಮುರೀತು ನೋಡ್ರೋ" ಎಂದರು. ಎಲ್ಲರ ಜೊತೆ ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇದು ಯಾರಿಗೂ ಗೊತ್ತಿಲ್ಲ.

ಜನವರಿ 15

ಇವತ್ತು ಮೊದಲ ಸೂಜಿ.

ಕೊಟ್ಟವನು ಡಬ್ಬಿ. ಜಿಮ್ಮಿನಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ಮಾರುವುದರಿಂದ ಆ ಹೆಸರು. ಡಬ್ಬಿಯಲ್ಲಿ ಇಲ್ಲದ್ದನ್ನೂ ಮಾರುತ್ತಾನೆ. "ಸ್ಟೀರಾಯ್ಡ್ ಗೀರಾಯ್ಡ್ ಅಂತ ಬಾಯಿ ಬಿಡಬೇಡ ಗುರು, ಮದ್ದು ಅನ್ನು" ಎಂದ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬಾಗಿಲಿಗೆ ಒರಗಿ ನಿಂತು ಸೊಂಟಕ್ಕೆ ಚುಚ್ಚಿಸಿಕೊಂಡೆ. ದಿನವಿಡೀ ಗಾಜು ಕತ್ತರಿಸುವ ಕೈ ನನ್ನದು, ರಕ್ತ ಕಂಡರೆ ಏನೂ ಅನಿಸುವುದಿಲ್ಲ. ಆದರೂ ಸೂಜಿ ನೋಡಿ ಕಣ್ಣು ಮುಚ್ಚಿಕೊಂಡೆ. "ಮಗು ಥರ ಆಡ್ತೀಯಲ್ಲ" ಎಂದು ಡಬ್ಬಿ ನಕ್ಕ.

ಮನೆಗೆ ಬಂದರೆ ಇವಳು "ಯಾಕ್ರೀ ಕುಂಟ್ತಿದ್ದೀರಾ?" ಎಂದಳು. ಏಣಿಯ ಮೇಲಿಂದ ಕಾಲು ಜಾರಿತು ಎಂದೆ. ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದಳು. ಸುಳ್ಳು ಹೇಳಿದವನ ಕಾಲನ್ನು ಅಷ್ಟು ಮುತುವರ್ಜಿಯಿಂದ ತಿಕ್ಕುತ್ತಿದ್ದಾಳಲ್ಲ ಎಂದು ನಾಚಿಕೆಯಾಯಿತು. ಹತ್ತು ವರ್ಷದ ಮಗಳು ನನ್ನ ಇನ್ನೊಂದು ಕಾಲಿನ ಮೇಲೆ ಕೂತು ಮಗ್ಗಿ ಒಪ್ಪಿಸಿದಳು.

ಫೆಬ್ರವರಿ 6

ನೂರ ಎಪ್ಪತ್ತೈದು. ಮೊಣಕಾಲಿನಲ್ಲಿ ನಿಲ್ಲಲಿಲ್ಲ, ಬೆಣ್ಣೆಯ ಹಾಗೆ ಮೇಲೆ ಬಂತು.

ಮಾಸ್ಟರ್‌ಗೆ ಗೊತ್ತಾಗಿಬಿಟ್ಟಿದೆ. ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ನನ್ನ ಕತ್ತು, ಭುಜ ನೋಡಿ ಸುಮ್ಮನೆ ಪಕ್ಕದಲ್ಲಿ ಕೂತರು. "ತಗೊಳ್ಳೋದು ಬಿಡೋದು ನಿನ್ನಿಷ್ಟ. ಒಂದು ಮಾತು ಕೇಳು. ಮಾಂಸ ಬಸ್ಸಲ್ಲಿ ಬರುತ್ತೆ, ಟೆಂಡನ್ ನಡ್ಕೊಂಡು ಬರುತ್ತೆ. ಮಾಂಸವನ್ನ ಮೂಳೆಗೆ ಕಟ್ಟಿರೋ ಹುರಿ ಅದು. ಮಾಂಸಕ್ಕೆ ಬಲ ಬಂತು ಅಂತ ಹುರಿಗೆ ಗೊತ್ತೇ ಇರಲ್ಲ. ನಿನಗೆ ಎತ್ತಬಹುದು ಅನಿಸುತ್ತೆ. ಹರಿಯೋದು ಅದು."

ಆಮೇಲೆ ನಿಯಮ ಹಾಕಿಕೊಟ್ಟರು. ವಾರಕ್ಕೆ ಎರಡೂವರೆ ಕಿಲೋಗಿಂತ ಹೆಚ್ಚು ಏರಿಸಬಾರದು. ಭಾರದ ಬಾರನ್ನು ಒಂದು ಅಂಗೈ ಒಳಗೆ, ಒಂದು ಅಂಗೈ ಹೊರಗೆ ಮಾಡಿ ಹಿಡಿಯುತ್ತೇವಲ್ಲ, ಹರಿಯುವುದು ಅಂಗೈ ಹೊರಗೆ ಮಾಡಿದ ತೋಳಿನ ಟೆಂಡನ್ನೇ. ನನಗೆ ಅದು ಎಡಗೈ. ವಾರಕ್ಕೆ ಒಂದೇ ಸಲ ಹಾಗೆ ಹಿಡಿಯಬೇಕು. ಎರಡು ದಿನ ಕಡ್ಡಾಯ ವಿಶ್ರಾಂತಿ. ಎಲ್ಲಕ್ಕೂ ತಲೆಯಾಡಿಸಿದೆ. ನಾನು ಡಬ್ಬಿಯ ಹಾಗೆ ಕಣ್ಣು ಮುಚ್ಚಿಕೊಂಡು ನುಗ್ಗುವವನಲ್ಲ.

ಫೆಬ್ರವರಿ 8

ವಿಶ್ರಾಂತಿ ದಿನ. ಬಾರ್ ಮುಟ್ಟಲಿಲ್ಲ.

ಹೊಸ ಬಟ್ಟೆ ಅಂಗಡಿಯ ಮುಂಭಾಗಕ್ಕೆ ಹನ್ನೊಂದು ಗಾಜು ಇಳಿಸಿ ಕೂರಿಸಿದೆವು. ಒಂದೊಂದೂ ನನ್ನ ತೂಕಕ್ಕಿಂತ ಹೆಚ್ಚು. ಎಡ ಅಂಗೈಯನ್ನು ಗಾಜಿನ ಕೆಳ ಅಂಚಿಗೆ ಕೊಟ್ಟು, ಬಲಗೈಯಲ್ಲಿ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಕಪ್ಪಿನ ಹಿಡಿ ಹಿಡಿದು ದಿನವೆಲ್ಲ ನಡೆದದ್ದೇ. ಸಂಜೆ ಹಾಯಾಗಿತ್ತು. ಮಾಸ್ಟರ್ ಹೇಳಿದ ಹಾಗೆ ಪೂರ್ಣ ವಿಶ್ರಾಂತಿ ಕೊಟ್ಟರೆ ಮೈ ಎಷ್ಟು ಚೆನ್ನಾಗಿ ಕೇಳುತ್ತದೆ!

ಫೆಬ್ರವರಿ 21

ನೂರ ಎಂಬತ್ತು. ನಿದ್ದೆ ಐದು ಗಂಟೆ. ಬೆನ್ನ ತುಂಬ ಮೊಡವೆ. ಹದಿನಾರರಲ್ಲಿ ಬರಬೇಕಾದ್ದು ನಲವತ್ತಮೂರರಲ್ಲಿ ಬಂದಿದೆ ಎಂದು ಇವಳು ತಮಾಷೆ ಮಾಡಿದಳು. ನಗು ಬರಲಿಲ್ಲ.

ಬ್ಯಾಂಕಿನ ಎರಡನೇ ಮಹಡಿಗೆ ಗಾಜು ಏರಿಸಿದೆವು. ಮೆಟ್ಟಿಲಲ್ಲಿ ನಮ್ಮ ಕಸುಬಿಗೊಂದು ಕಟ್ಟಳೆಯಿದೆ. ಗಾಜಿನ ಕೆಳಗಿನ ತುದಿ ಹಿಡಿದವನ ಮೇಲೆ ಭಾರ ಬೀಳುವುದರಿಂದ ಕೂಗುವವನೂ ಅವನೇ. "ಎತ್ತು" ಎಂದರೆ ಎತ್ತಬೇಕು, "ಹೋಗು" ಎಂದರೆ ಹೋಗಬೇಕು, "ನಿಲ್ಲು" ಎಂದರೆ ಕಾಲು ಗಾಳಿಯಲ್ಲಿದ್ದರೂ ನಿಲ್ಲಬೇಕು. ಮೇಲಿನವನು ಬಾಯಿ ತೆರೆಯುವ ಹಾಗಿಲ್ಲ. ಇಬ್ಬರು ಕೂಗಿದರೆ ಗಾಜಿಗೆ ಯಾರ ಮಾತು ಕೇಳಬೇಕೆಂದು ತಿಳಿಯುವುದಿಲ್ಲ ಎಂದು ಭಾವ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವರಿಗೆ ಐವತ್ತಾರು. ನಾನು ಚಿಕ್ಕವನಾದ್ದರಿಂದ ಯಾವಾಗಲೂ ಕೆಳಗೆ ನಾನೇ. ಇವತ್ತು ಏಳು ಸಲ ಹತ್ತಿದೆ, ಉಬ್ಬಸವೇ ಬರಲಿಲ್ಲ. "ಏನೋ ಕಡ್ಡಿ, ಕಂಬ ಆಗ್ಬಿಟ್ಟೆ" ಎಂದರು ಭಾವ. ಆ ಮಾತಿನ ಖುಷಿ ಇನ್ನೂ ಇಳಿದಿಲ್ಲ.

ಮಾರ್ಚ್ 3

ಎಡ ಮೊಣಕೈಯ ಒಳಮಡಿಕೆಯಲ್ಲಿ ಸಣ್ಣ ನೋವು. ಮುಳ್ಳು ಚುಚ್ಚಿ ಒಳಗೇ ಉಳಿದ ಹಾಗೆ. ಚಹಾದ ಲೋಟ ಎತ್ತುವಾಗ ಗೊತ್ತಾಯಿತು.

ಹೆದರಬೇಕಾದ್ದಿಲ್ಲ, ಎಚ್ಚರದಿಂದ ಇದ್ದರಾಯಿತು. ಜಿಮ್ಮಿನಲ್ಲಿ ಎಡಗೈಗೆ ಒಂದು ವಾರ ಪೂರಾ ರಜೆ. ಬಾರನ್ನು ಪಟ್ಟಿ ಸುತ್ತಿ, ಎರಡೂ ಅಂಗೈ ಒಳಗೆ ಮಾಡಿ ಹಿಡಿಯುತ್ತೇನೆ. ದಿನಕ್ಕೆ ಎರಡು ಸಲ ಐಸ್.

ಮಾರ್ಚ್ 5

ಎಡಗೈಗೆ ರಜೆ, ಮೂರನೇ ದಿನ. ಆಸ್ಪತ್ರೆಯ ಕಟ್ಟಡದಲ್ಲಿ ಗಾಜಿನ ಬಾಗಿಲು ಒಂಬತ್ತು.

ಇಷ್ಟು ರಜೆ ಕೊಟ್ಟರೂ ನೋವು ಇಳಿದಿಲ್ಲ. ಯಾಕೆಂದು ಅರ್ಥವಾಗುತ್ತಿಲ್ಲ. ಡಬ್ಬಿಯನ್ನು ಕೇಳಿದರೆ "ಮದ್ದು ಸ್ವಲ್ಪ ಏರಿಸೋಣ, ನೋವೆಲ್ಲ ಮಾಯ" ಎಂದ. ಏರಿಸಿದೆ.

ಮಾರ್ಚ್ 12

ಇವತ್ತು ಒಬ್ಬ ಗಿರಾಕಿ ಅಳತೆ ತಪ್ಪಾಗಿದೆ ಎಂದ. ಅಳತೆ ಕೊಟ್ಟವನು ಅವನೇ. ನಾನು ಬಾಯಿಗೆ ಬಂದದ್ದು ಅಂದೆ. ಅವನು ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿಬಿಟ್ಟ. ಭಾವ ನಡುವೆ ಬಂದು ನನ್ನ ಎದೆಗೆ ಕೈಯಿಟ್ಟು "ಸಾಕು ಬಿಡೋ, ಹೋಗ್ಲಿ" ಎಂದರು. ಅವರ ಕೈ ತಳ್ಳಿದೆ. ಅವರು ಎರಡು ಹೆಜ್ಜೆ ಹಿಂದೆ ಹೋದರು, ಗಟ್ಟಿಯಾಗಿ ನಿಂತಿರಲಿಲ್ಲವೆಂದು ಕಾಣುತ್ತದೆ.

ಎಲ್ಲರಿಗೂ ಕಡ್ಡಿಯೇ ಬೇಕು. ಬೈದರೆ ನಗುತ್ತ ನಿಲ್ಲುವ ಕಡ್ಡಿ.

ಮನೆಯಲ್ಲಿ ಶಾಂತಿ ಇದೆ. ಮಗಳು ಮೊದಲಿನ ಹಾಗೆ ಮೈಮೇಲೆ ಬೀಳುವುದಿಲ್ಲ. ನಾನು ಬಂದ ಸದ್ದು ಕೇಳಿದರೆ ಪುಸ್ತಕ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಬಾಗಿಲು ಹಾಕುವಾಗಲೂ ಸದ್ದಾಗುವುದಿಲ್ಲ. ಶಿಸ್ತು ಬಂದಿದೆ.

ಮಾರ್ಚ್ 20

ನೂರ ತೊಂಬತ್ತು! ಮಾಸ್ಟರ್ ಹೇಳಿದ್ದು ನೂರ ಎಂಬತ್ತೇಳೂವರೆ. ಆದರೆ ಮೈ ಕೇಳುತ್ತಿದೆ, ನಾನೇನು ಮಾಡಲಿ?

ಭಾವನ ವರ್ತನೆ ವಿಚಿತ್ರವಾಗಿದೆ. ಇವತ್ತು ಮೆಟ್ಟಿಲ ಬಳಿ ಬಂದಾಗ "ನೀನು ಮೇಲೆ ಹೋಗು, ನಾನು ಕೆಳಗಿರ್ತೀನಿ" ಎಂದರು. ಹದಿನೇಳು ವರ್ಷದಲ್ಲಿ ಇದೇ ಮೊದಲು. ಯಾಕೆ ಎಂದರೆ "ಹೀಗೇ, ನನಗೂ ಸ್ವಲ್ಪ ವ್ಯಾಯಾಮ ಆಗ್ಲಿ" ಎಂದು ನಕ್ಕರು. ಹೊಟ್ಟೆಕಿಚ್ಚಿರಬೇಕು. ನಾನು ಬೆಳೆಯುತ್ತಿರುವುದನ್ನು ಕಂಡು ತಾನೂ ಇನ್ನೂ ಗಟ್ಟಿ ಎಂದು ತೋರಿಸುವ ಹಟ. ಮುದುಕರಾಗುತ್ತ ಇಂಥದ್ದೆಲ್ಲ ಶುರುವಾಗುತ್ತದೆ.

ಆಗಲಿ ಬಿಡು ಎಂದು ಮೇಲೆ ಹೋದೆ. ಒಂದು ಸಂಗತಿ ಬರೆದಿಡಬೇಕು. ಅದೇ ಅಳತೆಯ ಗಾಜು ಹೋದ ತಿಂಗಳು ಭಾರವೆನಿಸಿತ್ತು, ಇವತ್ತು ಹಲಗೆ ಹಿಡಿದ ಹಾಗಿತ್ತು. ಮದ್ದಿನ ಮಹಿಮೆ.

ಮಾರ್ಚ್ 27

ನೂರ ತೊಂಬತ್ತೆರಡೂವರೆ. ನಿದ್ದೆ ನಾಲ್ಕು ಗಂಟೆ. ಮೊಣಕೈ ಹಾಗೇ ಇದೆ.

ಭಾವ ಈಗಲೂ ಕೆಳಗೇ. ಮೂರನೇ ಮಹಡಿಗೆ ಮುಟ್ಟುವಷ್ಟರಲ್ಲಿ ಅವರ ತುಟಿ ಬೆಳ್ಳಗಾಗಿರುತ್ತದೆ. ನನಗೆ ಗಾಳಿ ಹೊತ್ತಂತೆ.

ಏಪ್ರಿಲ್ 2

ಇವಳು ಒಂದು ವಾರದಿಂದ ಮಗಳ ಕೋಣೆಯಲ್ಲಿ ಮಲಗುತ್ತಿದ್ದಾಳೆ. ಸೆಖೆ ಅನ್ನುತ್ತಾಳೆ. ಆ ಕೋಣೆಯಲ್ಲಿ ಫ್ಯಾನೇ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ತಟ್ಟೆ ಗೋಡೆಗೆ ಹೋಗಿ ಬಿತ್ತು. ಅವಳ ಕಡೆಗೆ ಎಸೆಯಲಿಲ್ಲ, ಗೋಡೆಯ ಕಡೆಗೆ. ಅದನ್ನು ಅವಳು ಅರ್ಥಮಾಡಿಕೊಳ್ಳಬೇಕಿತ್ತು.

ಏಪ್ರಿಲ್ 8

ಇನ್ನೂರು.

ಬೆಳಗ್ಗೆ ಆರೂವರೆಗೆ. ಜಿಮ್ಮಿನಲ್ಲಿ ಮಾಸ್ಟರ್ ಮತ್ತು ನಾನು ಇಬ್ಬರೇ. ಐದು ವಾರದ ಮೇಲೆ ಎಡ ಅಂಗೈ ಹೊರಗೆ ಮಾಡಿ ಹಿಡಿದೆ. ಬಾರ್ ಮೊಣಕಾಲಿನಲ್ಲಿ ಒಂದು ಕ್ಷಣ ಯೋಚಿಸಿತು, ಆಮೇಲೆ ಬಂತು. ನೆಟ್ಟಗೆ ನಿಂತೆ. ಕಿವಿಯಲ್ಲಿ ಗುಂಯ್ ಎಂದು ಸದ್ದು. ಇಡೀ ಜೀವಮಾನದಲ್ಲಿ ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಮಾಸ್ಟರ್ ಚಪ್ಪಾಳೆ ತಟ್ಟುತ್ತಾರೆ ಅಂದುಕೊಂಡಿದ್ದೆ. ಅವರು ಬಂದು ನನ್ನ ಎಡ ಮೊಣಕೈ ಹಿಡಿದು ಹೆಬ್ಬೆರಳಿನಿಂದ ಒತ್ತಿದರು. ನಾನು ಬಾಯಿಬಿಟ್ಟು ಕೂಗಿದೆ. "ಎಷ್ಟು ದಿನದಿಂದ?" ಎಂದರು. ಒಂದು ತಿಂಗಳು ಎಂದೆ. "ಹತ್ತು ದಿನ ಏನೂ ಎತ್ತಬೇಡ. ಏನೂ ಅಂದ್ರೆ ಏನೂ. ಇಲ್ಲಾಂದ್ರೆ ಮೇ ತಿಂಗಳಿಗೆ ನಿನ್ನ ತೋಳೇ ಇರಲ್ಲ."

ಭಾವನಿಗೆ ಇನ್ನೂರರ ಸುದ್ದಿ ಹೇಳಲಿಲ್ಲ. ಅವರ ಮುಖ ನೋಡಿದರೆ ಹೇಳಬೇಕೆನಿಸಲಿಲ್ಲ.

ಏಪ್ರಿಲ್ 10

ವಿಶ್ರಾಂತಿ, ಎರಡನೇ ದಿನ. ಜಿಮ್ಮಿನ ಬಾಗಿಲಿಗೂ ಹೋಗಿಲ್ಲ. ಮಾಸ್ಟರ್ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ.

ನಾಳೆ ಆಫೀಸೊಂದರ ಮೂರನೇ ಮಹಡಿಗೆ ದೊಡ್ಡ ಗಾಜು ಎರಡು. ಲಿಫ್ಟಿನಲ್ಲಿ ಹಿಡಿಸುವುದಿಲ್ಲ.

ಏಪ್ರಿಲ್ 16

ಎಡ ತೋಳಿಗೆ ಆಪರೇಷನ್ ಆಯಿತು. ಭುಜದಿಂದ ಮಣಿಕಟ್ಟಿನವರೆಗೆ ಕಟ್ಟಿದ್ದಾರೆ. ಬಲಗೈ ಇದೆ, ಬರೆಯಬಹುದು. ಬರೆಯದೆ ಇರಲಾಗುತ್ತಿಲ್ಲ.

ನಡೆದದ್ದು ಹೀಗೆ. ಹನ್ನೊಂದನೇ ತಾರೀಖು ಮೊದಲ ಗಾಜು ಮೇಲೆ ಮುಟ್ಟಿತು. ಎರಡನೆಯದನ್ನು ತೆಗೆದುಕೊಂಡು ಎರಡನೇ ಮಹಡಿಯ ತಿರುವಿಗೆ ಬಂದೆವು. ನಾನು ಮೇಲೆ, ಭಾವ ಕೆಳಗೆ. ತಿರುವಿನಲ್ಲಿ ಭಾವ "ನಿಲ್ಲು" ಎಂದರು. ನಿಂತೆ. ಎರಡೂ ಕಾಲು ಮೆಟ್ಟಿಲ ಮೇಲೆ ಸರಿಯಾಗಿ ಊರಿದ್ದವು. ಅವರು ಉಸಿರು ತೆಗೆದುಕೊಳ್ಳುತ್ತಿದ್ದರು. ಆಗ ನನ್ನ ಎಡ ಮೊಣಕೈಯಲ್ಲಿ ಚಟ್ ಎಂದಿತು. ಒದ್ದೆ ಬಟ್ಟೆ ಹರಿದ ಹಾಗೆ. ನೋಡುತ್ತಿರುವಂತೆಯೇ ತೋಳಿನ ಮಾಂಸ ಸುರುಳಿ ಸುತ್ತಿಕೊಂಡು ಭುಜದ ಕಡೆಗೆ ಓಡಿತು. ಬೆರಳಲ್ಲಿ ಶಕ್ತಿಯೇ ಇಲ್ಲ. ಗಾಜಿನ ನನ್ನ ತುದಿ ಮೆಟ್ಟಿಲಿಗೆ ಬಡಿದು, ಹಿಂದಕ್ಕೆ, ಭಾವನ ಕಡೆಗೆ ಜಾರಿತು.

ಗಾಜು ಬಿದ್ದರೆ ಹಿಡಿಯಬೇಡ, ಬಿಟ್ಟು ಪಕ್ಕಕ್ಕೆ ಹಾರು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ಕಲಿಸಿದವರೇ ಅವರು. ಆದರೆ ಅವರ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಂಬಿ. ಹಾರುವುದೆಲ್ಲಿಗೆ? ಬಲಗೈ ಅಡ್ಡ ಕೊಟ್ಟರು.

ಮುಂದಿನದನ್ನು ಬರೆಯಲಾರೆ.

ಏಪ್ರಿಲ್ 23

ಭಾವನ ಬಲ ಮಣಿಕಟ್ಟಿನಲ್ಲಿ ಬೆರಳುಗಳ ಟೆಂಡನ್ ನಾಲ್ಕು ಕತ್ತರಿಸಿಹೋಗಿವೆ, ಒಂದು ನರವೂ ಹೋಗಿದೆ. ಹೊಲಿದಿದ್ದಾರೆ. ಹೆಬ್ಬೆರಳು ಮತ್ತು ತೋರುಬೆರಳು ಬರಬಹುದು, ಉಳಿದ ಮೂರು ಮಡಚುವುದು ಕಷ್ಟ ಎಂದರಂತೆ. ಗಾಜಿನ ಕೆಲಸ ಇನ್ನಿಲ್ಲ.

ನನ್ನ ಡಾಕ್ಟರು "ಏನಾದರೂ ತಗೊಳ್ತಿದ್ರಾ?" ಎಂದು ಕೇಳಿದರು. ಇವಳು ಪಕ್ಕದಲ್ಲೇ ನಿಂತಿದ್ದಳು. ಇಲ್ಲ ಎಂದೆ.

ಎಲ್ಲರೂ ಒಂದು ಕತೆ ಕಟ್ಟಿಕೊಂಡಿದ್ದಾರೆ. ಗಾಜು ಜಾರಿತು, ಇವನು ಅದನ್ನು ಹಿಡಿಯಲು ಹೋಗಿ ತೋಳು ಹರಿದುಕೊಂಡ ಎಂದು. ನಾನು ಕಟ್ಟಿದ ಕತೆಯಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾಗುವ ಹೊತ್ತಿಗೆ ಅದು ತಯಾರಾಗಿತ್ತು. ಇವಳು ನನ್ನ ಹಣೆ ಸವರಿ "ಅಣ್ಣನ್ನ ಉಳಿಸೋಕೆ ಹೋಗಿ ನಿಮ್ಮ ಕೈ ಹೀಗಾಯ್ತಲ್ರೀ" ಎಂದು ಅತ್ತಳು. ಎಷ್ಟೋ ವಾರಗಳ ಮೇಲೆ ನನ್ನನ್ನು ಮುಟ್ಟಿದ್ದಳು. ನಾನು ಸುಮ್ಮನಿದ್ದೆ.

ಮಗಳು ಕಟ್ಟಿನ ಮೇಲೆ ಪೆನ್ನಿನಲ್ಲಿ ಹೂವು ಬರೆದಿದ್ದಾಳೆ.

ಮೇ 5

ಭಾವನನ್ನು ನೋಡಲು ಹೋಗಿದ್ದೆ. ಕಾಲು ಏಳುತ್ತಿರಲಿಲ್ಲ, ಇವಳು ಎಳೆದುಕೊಂಡು ಹೋದಳು.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕೈ ದಿಂಬಿನ ಮೇಲೆ. ಮೈ ಅರ್ಧವಾಗಿದೆ. ಹೆಂಗಸರು ಒಳಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿ ಹೇಳಿದರು.

"ನನ್ನನ್ನ ಕ್ಷಮಿಸ್ಬಿಡೋ."

ನನಗೆ ಅರ್ಥವಾಗಲಿಲ್ಲ.

"ನಾನು ನಿಲ್ಲು ಅಂದಿದ್ದು ತಡವಾಯ್ತು. ನಿನ್ನ ಕಾಲು ಆಗಲೇ ಮುಂದಿನ ಮೆಟ್ಟಿಲಿಗೆ ಹೋಗಿತ್ತು, ಅಲ್ವಾ? ಉಸಿರು ಸಿಕ್ತಿರಲಿಲ್ಲ ಕಣೋ, ಬಾಯಿ ಬರಲಿಲ್ಲ. ಇಷ್ಟು ವರ್ಷ ಒಂದು ಸಲಾನೂ ತಪ್ಪು ಕೂಗಿರಲಿಲ್ಲ. ನನ್ನ ಕೈ ಹೋಯ್ತು, ಹೋಗ್ಲಿ. ನಿನ್ನ ಕೈನೂ ಕಳೆದುಬಿಟ್ಟೆ."

ನಾನು ಕಟ್ಟಿನ ಮೇಲೆ ಮಗಳು ಬರೆದ ಹೂವನ್ನು ನೋಡುತ್ತಿದ್ದೆ.

"ಕೆಳಗೆ ನಿಲ್ಲೋಕೆ ಹೋಗಲೇಬಾರದಿತ್ತು ನಾನು. ನಿನ್ನ ಎಡಗೈ ನೋಯ್ತಿದೆ ಅಂತ ನೋಡಿದ್ದೆ. ಟೀ ಲೋಟ ಬಲಗೈಗೆ ಬದಲಾಯಿಸ್ಕೊಳ್ತಿದ್ದೆ. ಕೇಳಿದ್ರೆ ನೀನು ಸಿಡುಕ್ತಿದ್ದೆ. ಸರಿ, ವಾಸಿ ಆಗೋವರೆಗೂ ಭಾರ ನನ್ನ ಕಡೆ ಇರ್ಲಿ ಅಂದ್ಕೊಂಡೆ. ನನ್ನ ವಯಸ್ಸು ನೋಡ್ಕೊಳ್ಳಲಿಲ್ಲ."

ಆಗಲೂ ಏನೂ ಹೇಳಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ. ಮದ್ದಿನ ಮಹಿಮೆ ಎಂದು ಬರೆದಿದ್ದೆನಲ್ಲ, ಅದು ಅವರು. ನನಗೆ ಹಗುರವಾದಷ್ಟನ್ನೂ ಅವರು ಹೊತ್ತಿದ್ದರು.

ಇವಳು ಚಹಾ ತಂದಳು. ಕುಡಿದು ಎದ್ದು ಬಂದೆ.

ಮೇ 17

ಇವತ್ತು ಸ್ಪರ್ಧೆ. ಮಧ್ಯಾಹ್ನ ಮಲಗಿದ್ದೆ.

ಸೂಜಿ ನಿಂತು ತಿಂಗಳ ಮೇಲಾಯಿತು. ತೂಕ ಅರವತ್ತೊಂಬತ್ತು. ಅಂಗಿಗಳೆಲ್ಲ ದೊಡ್ಡವಾಗಿವೆ. ಕಾರಣವಿಲ್ಲದೆ ಅಳು ಬರುತ್ತದೆ. ಕಾರಣವಿಲ್ಲದೆ ಎಂದು ಬರೆಯುವುದೂ ಸುಳ್ಳೇ.

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ವಿಶ್ರಾಂತಿ ದಿನ, ಹನ್ನೊಂದು ಗಾಜು. ಎಡಗೈಗೆ ರಜೆ, ಒಂಬತ್ತು ಬಾಗಿಲು. ನನ್ನ ಕೈಬರಹವೇ. ಬಾರಿನ ಮೇಲಿನ ಪ್ಲೇಟುಗಳನ್ನು ಎರಡೂವರೆ ಕಿಲೋದವರೆಗೆ ಬರೆದುಕೊಂಡವನು, ದಿನವೆಲ್ಲ ಅದೇ ಅಂಗೈಯಲ್ಲಿ ಹೊತ್ತದ್ದನ್ನು ಭಾರವೆಂದೇ ತಿಳಿದಿರಲಿಲ್ಲ. ಅದು ಕೆಲಸ, ಕೆಲಸವನ್ನು ಯಾರು ಬರೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಮಾಸ್ಟರ್ ಫೋನ್ ಮಾಡಿದರು. "ಗಾಜು ಹಿಡಿಯೋಕೆ ಹೋಗಿ ಹರೀತಂತೆ" ಎಂದರು. ನಾನು ಹೂಂ ಎಂದೆ. ಅವರು ಮೊಣಕೈಯ ವಿಷಯ ಎತ್ತದೆಯೇ ಫೋನ್ ಇಟ್ಟರು.

ಮೇ 29

ಅತ್ತಿಗೆ, ಭಾವನ ಹೆಂಡತಿ, ಬಂದಿದ್ದರು. ಅಡುಗೆಮನೆಯಲ್ಲಿ ಇವಳ ಹತ್ತಿರ ಮಾತಾಡುತ್ತಿದ್ದದ್ದು ಹೊರಗೆ ಕೇಳಿಸಿತು.

"ಅವರಿಗೆ ತಲೆ ಸರಿ ಇಲ್ಲ ಅನಿಸ್ತಿದೆ ಕಣೇ. ಬೆಳಗ್ಗೆ ಎದ್ದು ನಮ್ಮನೆ ಮೆಟ್ಟಿಲ ಮೇಲೆ ನಿಂತ್ಕೊಳ್ತಾರೆ. ಕೈ ಹೀಗೆ ಹಿಡ್ಕೊಂಡು, ಎತ್ತು, ಹೋಗು, ಹೋಗು, ನಿಲ್ಲು ಅಂತಾರೆ. ಮತ್ತೆ ಕೆಳಗಿಳೀತಾರೆ. ಮತ್ತೆ ಹತ್ತುತಾರೆ. ಎಲ್ಲಿ ತಡವಾಯ್ತು ಅಂತ ಹುಡುಕ್ತಿದ್ದಾರಂತೆ. ಊಟಕ್ಕೆ ಕರೆದ್ರೆ, ತಡಿಯೇ ಸಿಗ್ತಾ ಇದೆ ಅಂತಾರೆ."

ಇವಳು "ಅಯ್ಯೋ ಅಣ್ಣ" ಎಂದು ಬಿಕ್ಕಿದಳು.

ನಾನು ಹೊರಗಿನ ಕೋಣೆಯಲ್ಲಿ ಕೂತಿದ್ದೆ. ಒಳಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳಿದರೆ ಇವಳು ಹೋಗುತ್ತಾಳೆ, ಮಗಳನ್ನೂ ಕರೆದುಕೊಂಡು ಹೋಗುತ್ತಾಳೆ. ಈಗ ತಾನೇ ಇಬ್ಬರೂ ನನ್ನ ಹತ್ತಿರ ಬಂದು ಕೂರಲು ಶುರುಮಾಡಿದ್ದಾರೆ. ಹೇಳದಿದ್ದರೆ ಭಾವ ಆ ಮೆಟ್ಟಿಲು ಹತ್ತುತ್ತಲೇ ಇರುತ್ತಾರೆ.

ಜೂನ್ 1

ಹೇಳಿದೆ.

ಬೆಳಗ್ಗೆ ಎಂಟಕ್ಕೆ ಹೋದೆ. ಅತ್ತಿಗೆ ಹೇಳಿದ್ದು ನಿಜ. ಭಾವ ಮೆಟ್ಟಿಲ ನಡುವೆ ನಿಂತಿದ್ದರು. ನನ್ನನ್ನು ಕಂಡು ನಾಚಿದವರಂತೆ ಕೆಳಗಿಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತರು. ಪಕ್ಕದಲ್ಲಿ ನನಗೂ ಜಾಗ ಮಾಡಿದರು. ನಾನು ಕೂರಲಿಲ್ಲ.

ನಿಂತುಕೊಂಡೇ ಎಲ್ಲ ಹೇಳಿದೆ. ಜನವರಿಯಿಂದ ಚುಚ್ಚಿಸಿಕೊಂಡದ್ದು. ಮಾಸ್ಟರ್ ಎಚ್ಚರಿಸಿದ್ದು. ಒಂದು ತಿಂಗಳು ನೋವಿದ್ದದ್ದು, ಮೂರೇ ದಿನ ಮೊದಲು ಅವರು ಏನೂ ಎತ್ತಬೇಡ ಎಂದಿದ್ದು. "ಭಾವ, ಗಾಜು ಜಾರಿ ನನ್ನ ತೋಳು ಹರಿಯಲಿಲ್ಲ. ತೋಳು ಹರಿದು ಗಾಜು ಜಾರ್ತು. ನೀವು ನಿಲ್ಲು ಅಂದಾಗ ನಾನು ನಿಂತಿದ್ದೆ. ಎರಡು ಕಾಲೂ ಊರಿ ನಿಂತಿದ್ದೆ. ನಿಂತ ಮೇಲೆ ಹೋಯ್ತು."

ಹೊಡೆಯುತ್ತಾರೆ ಅಂದುಕೊಂಡಿದ್ದೆ. ಬೈಯುತ್ತಾರೆ, ಆಚೆಗೆ ಹೋಗು ಅನ್ನುತ್ತಾರೆ ಅಂದುಕೊಂಡಿದ್ದೆ. ದಾರಿಯುದ್ದಕ್ಕೂ ಅದಕ್ಕೆಲ್ಲ ಮೈ ಗಟ್ಟಿಮಾಡಿಕೊಂಡು ಹೋಗಿದ್ದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, ಮಗು ಕೇಳಿದ ಹಾಗೆ ಕೇಳಿದರು. "ಹಾಗಾದ್ರೆ ನಾನು ಸರಿಯಾಗೇ ಕೂಗಿದ್ನಾ?"

"ಸರಿಯಾಗೇ ಕೂಗಿದ್ರಿ."

"ತಡ ಆಗಲಿಲ್ವಾ?"

"ಇಲ್ಲ ಭಾವ."

"ಏ, ಇವಳೇ!" ಎಂದು ಒಳಗೆ ಕೂಗಿದರು. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. "ಕೇಳಿದ್ಯೇನೇ? ನಾನು ಸರಿಯಾದ ಹೊತ್ತಿಗೇ ಕೂಗಿದ್ನಂತೆ! ಇವನು ನಿಂತಿದ್ನಂತೆ! ನಾನಲ್ವಂತೆ ಕಣೇ!" ನಗುತ್ತಿದ್ದರು. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಹೋಗುತ್ತಿತ್ತು, ಒರೆಸಿಕೊಳ್ಳಲು ಬಲಗೈ ಎತ್ತಿದರು, ಅದು ಬರಲಿಲ್ಲ, ಎಡಗೈಯಿಂದ ಒರೆಸಿಕೊಂಡರು. ಕೈ ಹೋದ ಮೇಲೆ ಅವರ ಮುಖದಲ್ಲಿ ನಗು ನೋಡಿದ್ದು ಇದೇ ಮೊದಲು. ಇಷ್ಟು ಸಣ್ಣ ಮಾತಿಗಾಗಿ ಕಾಯುತ್ತಿದ್ದರಲ್ಲ. ನನ್ನ ಹತ್ತಿರ ಇತ್ತಲ್ಲ ಅದು.

ಅತ್ತಿಗೆ ನಗಲಿಲ್ಲ. ನನ್ನ ಕಡೆಗೆ ನೋಡುತ್ತಿದ್ದರು.

ಅವರು ನೋಡುತ್ತಿದ್ದದ್ದನ್ನು ಕಂಡು ಭಾವನೂ ತಿರುಗಿದರು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಎಷ್ಟು ದಿನ ಆಯ್ತು?"

"ಐವತ್ತೊಂದು."

"ನಾನು ಕ್ಷಮಿಸು ಅಂತ ಕೇಳ್ದಾಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಚಹಾ ಕುಡಿದು ಹೋದೆ."

ನಾನು ತಲೆ ತಗ್ಗಿಸಿದೆ.

ಅವರು ಎದ್ದರು. ಕಂಬಿ ಹಿಡಿದು ನಿಧಾನವಾಗಿ ಎರಡು ಮೆಟ್ಟಿಲು ಹತ್ತಿ ಬೆನ್ನು ತಿರುಗಿಸಿಯೇ ಹೇಳಿದರು. "ಕೈ ಹೋಗಿದ್ದು ಬಿಡು. ಕಸುಬು ಅಂದ್ಮೇಲೆ ಅದೆಲ್ಲ ಇರೋದೇ. ಮದ್ದು ತಗೊಂಡಿದ್ದೂ ಬಿಡು, ಆಸೆ ಯಾರಿಗಿಲ್ಲ. ಐವತ್ತೊಂದು ದಿನ ನನ್ನನ್ನ ಈ ಮೆಟ್ಟಿಲ ಮೇಲೆ ಬಿಟ್ಟಿದ್ದೆಯಲ್ಲ, ಅದಕ್ಕೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಹೋಗು. ನನ್ನ ತಂಗಿಗೆ ನೀನೇ ಹೇಳು. ನಾನು ಹೇಳಲ್ಲ, ಇವಳೂ ಹೇಳಲ್ಲ."

ಮನೆಗೆ ಬಂದು ಇದನ್ನು ಬರೆಯಲು ಕೂತಿದ್ದೇನೆ. ಹೇಳಿ ಬಂದದ್ದನ್ನು ಬರೆಯಲು ಇಷ್ಟು ಹೊತ್ತು ಬೇಕಿರಲಿಲ್ಲ. ಇನ್ನೊಂದು ಹೇಳುವುದಿದೆ, ಅದಕ್ಕೇ ನಿಧಾನ ಮಾಡುತ್ತಿದ್ದೇನೆ. ಇವಳು ಒಳಗೆ ಬಟ್ಟೆ ಮಡಚುತ್ತಿದ್ದಾಳೆ. ಒಂದು ಕೈಯಲ್ಲಿ ಹಾಕಿಕೊಳ್ಳಲು ಸುಲಭವಾಗಲೆಂದು ನನ್ನ ಅಂಗಿಗಳ ಗುಂಡಿಗಳನ್ನೆಲ್ಲ ಮೊದಲೇ ಬಿಚ್ಚಿಡುತ್ತಾಳೆ. ಏನೋ ಗುನುಗುತ್ತಿದ್ದಾಳೆ. ಈ ಸಾಲು ಮುಗಿಸಿ ಏಳುತ್ತೇನೆ.